ಅವಳಿಗೆ ಮರೆವಿರಲಿಲ್ಲ

ನಾನು ನನ್ನ ಹೆಂಡತಿಯ ಗುಳಿಗೆಗಳನ್ನು ಕದ್ದು ನುಂಗುತ್ತಿದ್ದೆ. ಡಬ್ಬಿಯಲ್ಲಿ ಗುಳಿಗೆ ಕಡಿಮೆಯಾದಾಗ, ನೀನೇ ಎರಡೆರಡು ಸಲ ನುಂಗಿ ಮರೆತಿದ್ದೀಯ ಎಂದು ಅವಳಿಗೆ ಹೇಳುತ್ತಿದ್ದೆ. ಒಂದು ದಿನದ ಮಾತಲ್ಲ — ವರ್ಷಕ್ಕೂ ಮೀರಿ ಹಾಗೆ ನಡೆಸಿದೆ. ಅವಳು ನಂಬಿದಳು. ಇವತ್ತು ಅವಳ ಬಲಗೈ ಮುದ್ದೆ ಮುರಿಯುವುದಿಲ್ಲ, ಬಲಗಾಲು ನೆಲಕ್ಕೆ ಎಳೆದುಕೊಂಡು ಬರುತ್ತದೆ, ಬಾಯಿ ಒಂದು ಕಡೆಗೆ ವಾಲಿದೆ. ನೋಡಲು ಬಂದವರು ಅವಳಿಗೆ ಬುದ್ಧಿ ಹೇಳಿ ಹೋಗುತ್ತಾರೆ, ಗುಳಿಗೆ ಸರಿಯಾಗಿ ತಗೊಂಡಿದ್ದರೆ ಈ ಗತಿ ಬರುತ್ತಿತ್ತೇ ಎಂದು. ನನಗೆ ಕೈಮುಗಿದು ಹೋಗುತ್ತಾರೆ.

ಆ ನಮಸ್ಕಾರವನ್ನು ನಾನು ಬಹಳ ದಿನ ಸ್ವೀಕರಿಸಿದೆ. ಅದನ್ನೂ ಇಲ್ಲಿ ಹೇಳಬೇಕು.

ನಾನು ಡ್ರಿಲ್ ಮೇಷ್ಟ್ರು. ಭರಮಸಾಗರದ ಕಡೆಯ ಒಂದು ಹೈಸ್ಕೂಲಿನಲ್ಲಿ ಆಯುಷ್ಯವೆಲ್ಲ ಸೀಟಿ ಊದಿದವನು. ನನ್ನ ಅಪ್ಪ ಹಿರಿಯೂರು ತಾಲ್ಲೂಕಿನಲ್ಲಿ ಕುರಿ ಕಾಯ್ದವನು, ಸಾಯುವ ತನಕ ಒಂದು ಗುಳಿಗೆ ಮುಟ್ಟಿದವನಲ್ಲ. ಆ ಅಪ್ಪನ ಮಗ ಎಂಬ ಜಂಬ ನನ್ನ ಎದೆಯಲ್ಲಿ ಯಾವಾಗಲೂ ಇತ್ತು. ನಿವೃತ್ತನಾಗಿ ಚಿತ್ರದುರ್ಗದಲ್ಲಿ ಮನೆ ಮಾಡಿದ ಮೇಲೆ ದಿನಾ ಬೆಳಿಗ್ಗೆ ಚಂದ್ರವಳ್ಳಿಗೆ ನಡೆದು ಹೋಗುತ್ತಿದ್ದೆ. ನನ್ನಂಥ ನಿವೃತ್ತರ ಗುಂಪೊಂದು ಅಲ್ಲಿ ಸೇರುತ್ತಿತ್ತು. ಅವರ ಮಾತೆಲ್ಲ ಒಂದೇ — ನಿಂದೆಷ್ಟು ಬಂತು, ತಿಂದ ಮೇಲೆಷ್ಟು, ಬಿಪಿ ಎಷ್ಟು. ಸಕ್ಕರೆ ಇದ್ದವನಿಗೆ ಬಿಪಿ, ಬಿಪಿ ಇದ್ದವನಿಗೆ ಸಕ್ಕರೆ. ಎರಡೂ ಇಲ್ಲದವನು ಆ ಗುಂಪಿನಲ್ಲಿ ನಾನೊಬ್ಬನೇ. ಕೆರೆಯ ದಂಡೆಯ ಮೇಲೆ ಅವರೆದುರು ಬಸ್ಕಿ ಹೊಡೆದು ತೋರಿಸುತ್ತಿದ್ದೆ. ಅವರು ನನ್ನನ್ನು ಕೋಟೆ ಕಲ್ಲು ಎಂದು ಕರೆಯುತ್ತಿದ್ದರು. ಆ ಹೆಸರು ಕೇಳಲೆಂದೇ ನಾನು ಹೋಗುತ್ತಿದ್ದೆನೇನೋ.

ನನ್ನ ಹೆಂಡತಿ ತಿಪ್ಪಮ್ಮನಿಗೆ ಮೊದಲು ಬಂದದ್ದು ಸಕ್ಕರೆ ಕಾಯಿಲೆ. ಆಮೇಲೆ ಬಿಪಿ. ಇವೆರಡೂ ಜೋಡಿಯಾಗಿ ಬರುವುದೇ ಹೆಚ್ಚು, ಹೆದರಬೇಡಿ, ಆದರೆ ಒಂದನ್ನೂ ಬಿಡಬೇಡಿ ಎಂದು ಡಾಕ್ಟರು ಅವಳಿಗೆ ಹೇಳಿದ್ದರು. ಅವಳು ಬಿಡಲಿಲ್ಲ. ಎರಡು ತರದ ಗುಳಿಗೆಗಳನ್ನು ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಅಡುಗೆಮನೆಯ ಕಿಟಕಿಯಲ್ಲಿ ಇಟ್ಟುಕೊಂಡು, ಹೊತ್ತಿಗೆ ಸರಿಯಾಗಿ ನುಂಗುತ್ತಿದ್ದಳು. ಸಿಹಿ ಬಿಟ್ಟಳು. ಉಪ್ಪಿನಕಾಯಿ ಬಿಟ್ಟಳು. ನಾನು ಅವಳೆದುರು ಕೂತು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ಬಂದವರಿಗೆ ಹೇಳುತ್ತಿದ್ದೆ — ಊರವರು ಎಮ್ಮೆ ಸಾಕ್ತಾರೆ, ನಮ್ಮೋಳು ಎರಡು ಕಾಯಿಲೆ ಸಾಕ್ಯಾಳೆ.

ಅವಳ ತಂಗಿ ಹನುಮಕ್ಕನ ಮನೆ ಹೊಳಲ್ಕೆರೆಯಲ್ಲಿದೆ. ಅವರ ಗೃಹಪ್ರವೇಶದ ಊಟಕ್ಕೆ ಕೂತಿದ್ದೆವು. ಹೋಳಿಗೆ ಬಡಿಸುವವರು ಹೆಂಗಸರ ಸಾಲಿಗೆ ಬಂದಾಗ, ನಾನು ಈಚೆ ಸಾಲಿನಿಂದ ಎಲ್ಲರಿಗೂ ಕೇಳುವ ಹಾಗೆ ಕೂಗಿದೆ.

“ಆ ಎಲೆಗೆ ಹಾಕಬ್ಯಾಡ್ರಪ್ಪ. ಅದು ರೋಗದ ಎಲೆ.”

ಸೀಟಿ ಊದಿ ಊದಿ ದೊಡ್ಡದಾದ ಗಂಟಲು ನನ್ನದು. ಸಾಲಿಗೆ ಸಾಲೇ ನಕ್ಕಿತು. ತಿಪ್ಪಮ್ಮ ಎರಡೂ ಅಂಗೈ ಎಲೆಯ ಮೇಲೆ ಮುಚ್ಚಿ ತಾನೂ ನಕ್ಕಳು. ಅವಳ ಪಾಲಿನದನ್ನೂ ನನಗೇ ಹಾಕಿರಿ ಎಂದು ತುಪ್ಪ ಸುರಿಸಿಕೊಂಡು ತಿಂದೆ.

ಅದಾದ ಮೇಲೆ ಬಹಳ ದಿನವೇನೂ ಆಗಿರಲಿಲ್ಲ. ಅಣ್ಣನನ್ನು ನೋಡಲು ಹಿರಿಯೂರಿಗೆ ಹೋಗಿದ್ದೆ. ಕೆಲವು ತಿಂಗಳಿಂದ ಬಾಯಿ ಒಣಗುತ್ತಿತ್ತು, ಹಿಂದಲೆ ಭಾರವಾಗುತ್ತಿತ್ತು, ಬಿಸಿಲು ಎಂದುಕೊಂಡಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಕಣ್ಣು ಕತ್ತಲಿಟ್ಟು ಕಂಬ ಹಿಡಿದು ನಿಂತೆ. ಎದುರಿಗೆ ಒಂದು ಸಣ್ಣ ಕ್ಲಿನಿಕ್ ಇತ್ತು, ಅಲ್ಲಿ ನನ್ನನ್ನು ಬಲ್ಲವರಿರಲಿಲ್ಲ — ಒಳಗೆ ಹೋದೆ. ಚಿಕ್ಕ ವಯಸ್ಸಿನ ಡಾಕ್ಟರು. ತೋಳಿಗೆ ಪಟ್ಟಿ ಸುತ್ತಿ ನೋಡಿದರು, ಬೆರಳು ಚುಚ್ಚಿ ನೋಡಿದರು, ಸ್ವಲ್ಪ ಹೊತ್ತು ಕೂರಿಸಿ ಮತ್ತೆ ನೋಡಿದರು.

“ಸಕ್ಕರೆನೂ ಐತೆ, ಬಿಪಿನೂ ಐತೆ ಸಾರ್. ಬಾಳ ಜನಕ್ಕೆ ಎರಡೂ ಒಟ್ಟಿಗೇ ಇರ್ತವೆ, ಗೊತ್ತೇ ಆಗಿರಲ್ಲ. ಮನೇಲಿ ಯಾರಿಗಾದ್ರೂ ಐತಾ?”

“ಯಾರಿಗೂ ಇಲ್ಲ,” ಎಂದೆ.

ಅವರು ಬಹಳ ತಾಳ್ಮೆಯಿಂದ ವಿವರಿಸಿದರು. ಎರಡೂ ನೋಯುವ ಕಾಯಿಲೆಗಳಲ್ಲ, ಅದೇ ಅವುಗಳ ಅಪಾಯ ಎಂದರು. ಒಂದಿದ್ದರೆ ಆಗುವ ಹಾನಿಗಿಂತ ಎರಡು ಸೇರಿದಾಗ ಆಗುವುದು ಹೆಚ್ಚು. ಕಣ್ಣು, ಮೂತ್ರಪಿಂಡ, ಹೃದಯ, ಮೆದುಳು — ಎಲ್ಲಿ ಮೊದಲು ಹೊಡೆಯುತ್ತದೋ ಹೇಳಲಾಗದು. ಗುಳಿಗೆ ಬರೆದುಕೊಟ್ಟು, ತಪ್ಪಿಸಬೇಡಿ, ಮೇಲಿಂದ ಮೇಲೆ ತೋರಿಸಿ ಎಂದರು. ಗುಳಿಗೆಯ ಹೆಸರು ಓದಿದೆ. ನಮ್ಮ ಕಿಟಕಿಯ ಡಬ್ಬಿಯಲ್ಲಿದ್ದವೇ ಅವು. ದುರ್ಗದ ಬಸ್ಸು ಊರು ದಾಟುತ್ತಿದ್ದಂತೆ ಚೀಟಿಯನ್ನು ಕಿಟಕಿಯಿಂದ ಆಚೆ ಬಿಟ್ಟೆ.

ಕೊಂಡುಕೊಳ್ಳಬಹುದಿತ್ತಲ್ಲ, ಎಂದು ನೀವು ಕೇಳುತ್ತೀರಿ. ನಾನೂ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ದುಡ್ಡಿನ ತೊಂದರೆ ಇರಲಿಲ್ಲ. ಆದರೆ ಅಂಗಡಿಯಲ್ಲಿ ನಿಂತು ಕೇಳಿ ಕೊಂಡರೆ ನಾನು ರೋಗಿಯಾಗುತ್ತಿದ್ದೆ. ಅವಳ ಡಬ್ಬಿಯಿಂದ ಒಂದು ತೆಗೆದು ಬಾಯಿಗೆ ಹಾಕಿಕೊಂಡರೆ — ಅದು ಹಾದಿಯಲ್ಲಿ ಯಾರದೋ ಹೊಲದ ಶೇಂಗಾ ಕಿತ್ತು ತಿಂದ ಹಾಗೆ. ನಾನು ಕೋಟೆ ಕಲ್ಲಾಗಿಯೇ ಉಳಿಯುತ್ತಿದ್ದೆ. ಹೀಗೆ ಯೋಚಿಸುವ ಮನುಷ್ಯನೊಬ್ಬ ಇರಲು ಸಾಧ್ಯವೇ ಎಂದು ಅನ್ನಿಸಿದರೆ, ಇದ್ದೇನೆ.

ಮೊದಲು ತಲೆ ಭಾರವಾದ ದಿನ ಮಾತ್ರ ತೆಗೆಯುತ್ತಿದ್ದೆ. ಆಮೇಲೆ ಅದು ದಿನದ ಅಭ್ಯಾಸವಾಯಿತು. ಅವಳು ಹಿತ್ತಲಿಗೆ ಹೋದಾಗ, ಸ್ನಾನಕ್ಕೆ ಹೋದಾಗ. ನನ್ನ ತಲೆ ಹಗುರಾಯಿತು. ಚಂದ್ರವಳ್ಳಿಯಲ್ಲಿ ಇನ್ನೂ ನಾಲ್ಕು ಬಸ್ಕಿ ಹೆಚ್ಚಿಗೆ ಹೊಡೆದೆ.

ಗುಳಿಗೆ ಕಡಿಮೆಯಾಗುತ್ತಿರುವುದು ಅವಳಿಗೆ ಬೇಗ ಗೊತ್ತಾಯಿತು. ಡಬ್ಬಿ ಹಿಡಿದುಕೊಂಡು ಬಂದು ನಿಂತಳು.

“ರೀ, ಇಲ್ಲಿ ಇನ್ನೂ ಗುಳಿಗೆ ಇರಬೇಕಿತ್ತು. ಎಲ್ಲಿ ಹೋದ್ವು?”

ಆಗ ಒಂದು ಕ್ಷಣ ಇತ್ತು. ಇದ್ದದ್ದು ಇದ್ದ ಹಾಗೆ ಹೇಳಿಬಿಡುವಷ್ಟು ಪುರುಸೊತ್ತಿನ ಕ್ಷಣ. ನಾನು ಪೇಪರಿನಿಂದ ತಲೆ ಎತ್ತದೆ ಹೇಳಿದೆ.

“ಬೆಳಿಗ್ಗೆ ನುಂಗಿದ್ದು ಮರ್ತು ಮತ್ತೆ ನುಂಗಿರ್ತೀಯ. ನಿಂಗೀಗ ಮರೆವು ಶುರುವಾಗೈತೆ ಕಣೆ.”

ಅವಳು ಇಲ್ಲ ಎಂದಳು. ತಾನು ನುಂಗಿದ್ದು, ಜತೆಗೆ ಕುಡಿದ ನೀರು, ಆಗ ಬೀದಿಯಲ್ಲಿ ಕೂಗಿಕೊಂಡು ಹೋದ ಸೊಪ್ಪಿನವಳು — ಎಲ್ಲ ಹೇಳಿದಳು. ನಾನು ನಕ್ಕೆ. ಮಕ್ಕಳು ಓಡದೆ ನೆಪ ಹೇಳಿದಾಗ ಮೇಷ್ಟ್ರು ನಗುವ ನಗು ಅದು.

ಸಿಕ್ಕಿಬೀಳುವ ಭಯ ಒಂದೇ ಆಗಿದ್ದರೆ ಈ ಬರಹ ಇಷ್ಟು ಕಷ್ಟವಾಗುತ್ತಿರಲಿಲ್ಲ. ಸುಖವೂ ಇತ್ತು. ತಿಪ್ಪಮ್ಮನ ನೆನಪು ನಮ್ಮ ನೆಂಟರಲ್ಲೇ ಹೆಸರಾದದ್ದು. ಯಾರ ಮದುವೆಗೆ ಯಾರು ಬಂದಿರಲಿಲ್ಲ, ಯಾವ ಮಗು ಯಾವ ಹಬ್ಬದ ಹಿಂದೆ ಹುಟ್ಟಿದ್ದು — ಎಲ್ಲರೂ ಅವಳನ್ನೇ ಕೇಳುವರು. ನಾಲ್ಕು ಜನರೆದುರು ನಾನು ತಪ್ಪು ಹೇಳಿದರೆ ಮೆಲ್ಲಗೆ ತಿದ್ದುತ್ತಿದ್ದಳು, ಅದರಲ್ಲಿ ಅಹಂಕಾರ ಇರಲಿಲ್ಲ. ನನಗೆ ಮಾತ್ರ ಅದು ಮುಳ್ಳು. ಈಗ ಆ ನೆನಪು ನನ್ನೆದುರು ತಡವರಿಸುತ್ತಿತ್ತು. ನೋಡಲು ಚೆನ್ನಾಗಿತ್ತು — ಈ ಪದವನ್ನು ಹೊಡೆದುಹಾಕಬೇಕೆಂದು ಪೆನ್ನು ಎತ್ತಿದ್ದೆ. ಇರಲಿ.

ಅವಳು ಒಂದು ಉಪಾಯ ಮಾಡಿಕೊಂಡಳು. ಬೆಳಿಗ್ಗೆ ಗುಳಿಗೆ ನುಂಗಿದ ಕೂಡಲೇ ಸೆರಗಿನ ತುದಿಗೆ ಒಂದು ಗಂಟು ಹಾಕುವುದು; ರಾತ್ರಿ ಮಲಗುವಾಗ ಬಿಚ್ಚುವುದು. ಗಂಟಿದ್ದರೆ ನುಂಗಿಯಾಗಿದೆ ಎಂದು ಅರ್ಥ. ಕೆಲವು ದಿನ ಹಾಗೆ ನಡೆಸಿ, ಒಂದು ದಿನ ಸೆರಗನ್ನು ನನ್ನ ಮುಖದ ಮುಂದೆ ಹಿಡಿದಳು.

“ಗಂಟು ಒಂದೇ ಐತೆ ನೋಡ್ರಿ. ಗುಳಿಗೆ ಎರಡೆರಡು ಹೋಗವೆ.”

ನಾನು ಸಿಕ್ಕಿಬಿದ್ದಿದ್ದೆ. ಗಂಟು ಹಾಕುವುದನ್ನೂ ಮರೆತಿರುತ್ತೀಯ ಎಂದು ಏನೋ ಗೊಣಗಿ ಎದ್ದು ಹೋದೆ. ಅವಳ ಕಣ್ಣಲ್ಲಿ ಒಂದು ಧೈರ್ಯ ಬಂದಿತ್ತು. ತನ್ನ ತಲೆ ಸರಿಯಾಗಿಯೇ ಇದೆ ಎಂಬ ಧೈರ್ಯ. ನನಗೆ ಅದನ್ನು ತಡೆಯಲಾಗಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಊಟವಾಗಿ ಅವಳು ಚಾಪೆಯ ಮೇಲೆ ಮಲಗಿದ್ದಳು. ನಾನು ಡಬ್ಬಿಯಿಂದ ಗುಳಿಗೆ ತೆಗೆದು ನುಂಗಿದೆ. ಆಮೇಲೆ ಅವಳ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ನೆಲದ ಮೇಲೆ ಬಿದ್ದಿದ್ದ ಸೆರಗಿನ ತುದಿಗೆ — ಅವಳು ಹಾಕಿದ್ದ ಗಂಟಿನ ಪಕ್ಕದಲ್ಲೇ — ಇನ್ನೊಂದು ಗಂಟು ಹಾಕಿದೆ. ಅವಳು ಹಾಕುವಷ್ಟೇ ಸಣ್ಣದು. ಎಚ್ಚರವಾಗದ ಹಾಗೆ ಉಸಿರು ಹಿಡಿದು ಹಾಕಿದೆ.

ಎದ್ದು ಮುಖ ತೊಳೆದು ಸೆರಗಿನಿಂದ ಒರೆಸಿಕೊಳ್ಳುವಾಗ ನೋಡಿದಳು. ಬಚ್ಚಲ ಬಾಗಿಲಲ್ಲೇ ಕೂತುಬಿಟ್ಟಳು. ಎರಡು ಗಂಟನ್ನೂ ಮುಟ್ಟಿ ಮುಟ್ಟಿ ನೋಡಿದಳು. ಎರಡನ್ನೂ ಬಿಚ್ಚಿದಳು, ಮತ್ತೆ ಯಾವತ್ತೂ ಗಂಟು ಹಾಕಲಿಲ್ಲ. ಗುಳಿಗೆ ಎಲ್ಲಿ ಹೋದವೆಂದು ಮತ್ತೆ ಯಾವತ್ತೂ ಕೇಳಲೂ ಇಲ್ಲ.

ಅಲ್ಲಿಂದ ಅವಳು ಇಳಿಯುತ್ತ ಹೋದಳು. ಬೀರುವಿನ ಬೀಗದ ಕೈ ತಂದು ನನಗೆ ಕೊಟ್ಟಳು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ನನ್ನಿಂದ ರುಚಿ ನೋಡಿಸುತ್ತಿದ್ದಳು. ಮದುವೆ ಮನೆಗಳಲ್ಲಿ ಸೋಬಾನೆ ಹಾಡಲು ಎಲ್ಲರೂ ಅವಳನ್ನೇ ಕರೆಯುತ್ತಿದ್ದರು. ನಡುವೆ ಮರೆತರೆ ಅಪಶಕುನ ಎಂದು ಹೋಗುವುದನ್ನೇ ಬಿಟ್ಟಳು. ಎಲ್ಲಕ್ಕಿಂತ ಹೆಚ್ಚಾಗಿ ಗುಳಿಗೆಗೆ ಹೆದರಿದಳು. ಎರಡು ಸಲ ನುಂಗಿದರೆ ಸಕ್ಕರೆ ಇಳಿದು ಜ್ಞಾನ ತಪ್ಪುತ್ತದೆ ಎಂದು ಯಾರೋ ಹೇಳಿದ್ದರು. ನುಂಗಿದ್ದೇನೋ ಇಲ್ಲವೋ ಎಂಬ ಅನುಮಾನ ಬಂದ ದಿನ, ಬೇಡ, ಎರಡಾದೀತು ಎಂದು ಬಿಟ್ಟೇಬಿಡುತ್ತಿದ್ದಳು. ಅನುಮಾನ ಬರದ ದಿನಗಳು ಕಡಿಮೆಯಾಗುತ್ತ ಹೋದವು. ಗುಳಿಗೆ ಬಿಟ್ಟ ದಿನ ಅವಳಿಗೂ ಹಿಂದಲೆ ನೋಯುತ್ತಿತ್ತು. ನನಗೆ ಆ ನೋವಿನ ಪರಿಚಯ ಚೆನ್ನಾಗಿಯೇ ಇತ್ತು.

ಇನ್ನೊಂದು ಇದೆ. ನಮ್ಮ ಬೀದಿಯ ಮೆಡಿಕಲ್ ಶಾಪಿನವನು ನನ್ನ ಹಳೇ ವಿದ್ಯಾರ್ಥಿ. ತಿಂಗಳು ಮುಗಿಯುವ ಮೊದಲೇ ಗುಳಿಗೆ ಖಾಲಿಯಾಗಿ ಅವಳು ಅವನ ಹತ್ತಿರ ಹೋಗಿದ್ದಳೆಂದು ಗೊತ್ತಾದಾಗ, ನಾನೇ ಹೋಗಿ ಹೇಳಿ ಬಂದೆ — ಅವಳಿಗೆ ಮರೆವು, ಸಿಕ್ಕಾಪಟ್ಟೆ ನುಂಗುತ್ತಾಳೆ, ತಿಂಗಳಿಗೆ ಮುಂಚೆ ಬಂದರೆ ಕೊಡಬೇಡ. ಅವನು ಕನಿಕರದಿಂದ, ಆಗಲಿ ಸಾರ್, ನಿಮಗೆ ಎಷ್ಟು ಕಷ್ಟ ಎಂದ. ತಿಂಗಳ ಕೊನೆಯ ದಿನಗಳಲ್ಲಿ ಆ ಡಬ್ಬಿಯಲ್ಲಿ ಇರುತ್ತಿದ್ದ ಒಂದೆರಡು ಗುಳಿಗೆಯನ್ನೂ ನಾನೇ ನುಂಗುತ್ತಿದ್ದೆ.

ಒಂದು ಬೆಳಿಗ್ಗೆ ಚಂದ್ರವಳ್ಳಿಯಿಂದ ಬಂದಾಗ ಅವಳು ಹಿತ್ತಲಿನ ಕಲ್ಲಿಗೆ ಒರಗಿ ಬಿದ್ದಿದ್ದಳು. ಕೊಡ ಉರುಳಿ ನೀರು ಹರಿದಿತ್ತು. ಬಲಗೈ ಎತ್ತಲು ನೋಡುತ್ತಿದ್ದಳು, ಅದು ಏಳುತ್ತಿರಲಿಲ್ಲ. ನನ್ನ ಹೆಸರಲ್ಲ, ಯಾವ ಮಾತೂ ಅಲ್ಲ, ಏನೋ ಒಂದು ಶಬ್ದ ಬಾಯಿಂದ ಬಂತು.

ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, ಲಕ್ವ ಹೊಡೆದಿದೆ, ಬಿಪಿ ಸಿಕ್ಕಾಪಟ್ಟೆ ಏರಿದೆ, ಸಕ್ಕರೆಯೂ ಹಾಗೇ ಇದೆ ಎಂದರು. ಹೊಸದುರ್ಗದಿಂದ ಮಗಳು ರೇಖಾ ಓಡಿ ಬಂದಿದ್ದಳು, ಹಾಸಿಗೆಯ ಪಕ್ಕದಲ್ಲಿ ನಿಂತಿದ್ದಳು. ಇವರು ಗುಳಿಗೆ ದಿನಾ ತಗೊಳ್ಳುತ್ತಿದ್ದರೇ ಎಂದು ಡಾಕ್ಟರು ಕೇಳಿದರು. ತಿಪ್ಪಮ್ಮನಿಗೆ ಮಾತು ಹೋಗಿತ್ತು, ಕಿವಿ ಹೋಗಿರಲಿಲ್ಲ. ನಾನು ಯಾರೂ ಬಾಯಿ ತೆರೆಯುವ ಮುಂಚೆ ಹೇಳಿದೆ.

“ಅವಳಿಗೆ ಮರೆವು ಸಾರ್. ಸರಿಯಾಗಿ ತಗಣಲ್ಲ. ಹೇಳಿ ಹೇಳಿ ಸಾಕಾಗೈತೆ.”

ಅವಳು ಮಲಗಿದಲ್ಲಿಂದಲೇ ತಲೆಯಾಡಿಸಿದಳು. ಹೌದು ಎಂದು. ಡಾಕ್ಟರು ಅವಳನ್ನು ಮೆಲ್ಲಗೆ ಗದರಿದರು, ಇಷ್ಟು ಅಸಡ್ಡೆ ಮಾಡಬಾರದಮ್ಮ ಎಂದು. ರೇಖಾ ಅಳುತ್ತ ಗದರಿದಳು — ನಾನು ಫೋನು ಮಾಡಿದಾಗಲೆಲ್ಲ ತಗೊಂಡೆ ಎನ್ನುತ್ತಿದ್ದೆಯಲ್ಲಮ್ಮ, ನಿನ್ನ ಜೀವ ನಿನಗೆ ಬೇಡವಾಗಿತ್ತಾ ಎಂದು. ತಿಪ್ಪಮ್ಮನ ಕಣ್ಣಿಂದ ನೀರು ಇಳಿದು ಕಿವಿಯೊಳಗೆ ಹೋಗುತ್ತಿತ್ತು. ಅದನ್ನು ಒರೆಸಿದವನು ನಾನು. ಆ ಹೊತ್ತಿನಲ್ಲಿ, ಬೆಳಿಗ್ಗೆ ವಾಕಿಂಗಿಗೆ ಹೊರಡುವ ಮುಂಚೆ ನುಂಗಿದ್ದ ಅವಳ ಗುಳಿಗೆ ನನ್ನ ಹೊಟ್ಟೆಯಲ್ಲಿ —

ನಿಮಗೇನೂ ಕಾಯಿಲೆ ಇಲ್ಲ ತಾನೆ ಯಜಮಾನರೇ, ನೋಡಿಕೊಳ್ಳುವವರು ಗಟ್ಟಿಯಾಗಿರಬೇಕು ಎಂದರು ಡಾಕ್ಟರು. ನನಗೇನೂ ಇಲ್ಲ ಎಂದೆ.

ಮನೆಗೆ ತಂದ ಮೇಲೆ ನಾನೇ ನೋಡಿಕೊಂಡೆ. ಮೈ ತೊಳೆದೆ, ತಲೆ ಬಾಚಿದೆ, ಗಂಜಿ ಕುಡಿಸಿದೆ. ಮೆಡಿಕಲ್ ಶಾಪಿಗೆ ಹೋಗಿ ಒಬ್ಬರ ಬದಲು ಇಬ್ಬರಿಗೆ ಗುಳಿಗೆ ಕೊಂಡೆ. ನನಗೂ ಬೇಕು ಎಂದಾಗ ಆ ಹುಡುಗ ಏನೂ ಆಶ್ಚರ್ಯಪಡದೆ ಕೊಟ್ಟ. ನಾನು ಇಷ್ಟು ಕಾಲ ಹೆದರಿದ್ದು ಅಷ್ಟಕ್ಕೇ. ಚಂದ್ರವಳ್ಳಿಯ ಗೆಳೆಯರು ಮನೆಗೆ ಬಂದು, ಇಂಥ ಗಂಡ ಎಷ್ಟು ಜನಕ್ಕೆ ಸಿಗುತ್ತಾರೆ ಎಂದು ಅವಳಿಗೇ ಹೇಳಿದರು. ಅವಳು ಓರೆಯಾದ ಬಾಯಲ್ಲಿ ನಕ್ಕಳು.

ನಿಧಾನಕ್ಕೆ ಮಾತು ಮರಳಿತು, ತೊದಲು ತೊದಲಾಗಿ. ಅಷ್ಟರಲ್ಲಿ ಹನುಮಕ್ಕ ಬಂದಳು. ಅವಳ ಮಗಳ ಮದುವೆ ಗೊತ್ತಾಗಿತ್ತು. ಸೋಬಾನೆ ಹಾಡಲಾಗದಿದ್ದರೆ ಬೇಡ, ಪದಗಳನ್ನಾದರೂ ಹೇಳಿಕೊಡಕ್ಕಾ, ಹುಡುಗಿಯರು ಕಲಿತುಕೊಳ್ಳುತ್ತಾರೆ ಎಂದು ಕೇಳಿದಳು. ತಿಪ್ಪಮ್ಮ ಎಡಗೈ ಅಲ್ಲಾಡಿಸಿದಳು.

“ನನ್ನ ತಲೇಲಿ ಏನೂ ಇಲ್ಲ ಕಣೆ. ನಮ್ಮನೆಯವರನ್ನ ಕೇಳು. ಅವರಿಗೇ ಎಲ್ಲ ಗೊತ್ತಿರಾದು.”

ಹನುಮಕ್ಕ ಹೋದ ಮೇಲೆ ನಾನು ತಿಪ್ಪಮ್ಮನ ಮಂಚದ ಹತ್ತಿರ ನೆಲದಲ್ಲಿ ಕೂತೆ. ಎಲ್ಲ ಹೇಳಿದೆ. ಹಿರಿಯೂರಿನ ಡಾಕ್ಟರು, ಬಸ್ಸಿನಿಂದ ಎಸೆದ ಚೀಟಿ, ಡಬ್ಬಿ, ಸೆರಗಿನ ಗಂಟು, ಮೆಡಿಕಲ್ ಶಾಪು. ನಿನಗೆ ಯಾವತ್ತೂ ಮರೆವಿರಲಿಲ್ಲ, ನಾನು ಕದ್ದೆ ಎಂದೆ. ಅವಳು ಉಗಿಯಲಿ ಎಂದು ಕಾದೆ. ಎಡಗೈಯಲ್ಲಿ ಹೊಡೆಯಲಿ ಎಂದು ಕಾದೆ.

ಅವಳು ಆ ಎಡಗೈಯನ್ನು ನನ್ನ ತಲೆಯ ಮೇಲಿಟ್ಟಳು.

“ಇಲ್ಲ ರೀ. ನಾನೇ ಮರ್ತಿದ್ದು. ನನ್ ತಪ್ಪು ಯಾಕೆ ನಿಮ್ ಮೇಲೆ ಹಾಕ್ಕಂತೀರ?”

ನಾನು ಮತ್ತೆ ಹೇಳಿದೆ. ಆಣೆ ಮಾಡಿದೆ. ಸೇವೆ ಮಾಡಿ ಮಾಡಿ ನಿಮಗೂ ತಲೆ ಕೆಟ್ಟಿದೆ, ಸ್ವಲ್ಪ ಮಲಗಿಕೊಳ್ಳಿ ಎಂದಳು. ಅವಳ ನೆನಪನ್ನು ಅವಳಿಂದ ಕಿತ್ತುಕೊಳ್ಳುವುದರಲ್ಲಿ ನಾನು ಅಷ್ಟು ಚೆನ್ನಾಗಿ ಗೆದ್ದಿದ್ದೆ. ವಾಪಸು ಕೊಡಲು ಹೋದರೆ ಈಸಿಕೊಳ್ಳುವವರೇ ಅಲ್ಲಿ ಇರಲಿಲ್ಲ.

ಮಗಳಿಗೆ ಫೋನಿನಲ್ಲಿ ಹೇಳಿದೆ. ರೇಖಾ ಕೂಡಲೇ ನಂಬಿದಳು. ಆಸ್ಪತ್ರೆಯಲ್ಲಿ ನಾನೇ ಅಮ್ಮನನ್ನು ಬೈದೆನಲ್ಲ ಎಂದಷ್ಟೇ ಹೇಳಿ ಫೋನಿಟ್ಟಳು. ಮಾರನೆಯ ದಿನ ಕಾರು ಮಾಡಿಕೊಂಡು ಬಂದು ಅಮ್ಮನ ಬಟ್ಟೆ ಬರೆ ತುಂಬಿಕೊಂಡು, ನನ್ನ ಕಡೆ ನೋಡದೆ, ಹೊಸದುರ್ಗಕ್ಕೆ ಕರೆದುಕೊಂಡು ಹೋದಳು. ಅದು ನನಗೆ ಸಲ್ಲಬೇಕಾದದ್ದೇ ಎಂದುಕೊಂಡೆ. ಖಾಲಿ ಮನೆಯಲ್ಲಿ ಒಂದು ತರದ ನೆಮ್ಮದಿಯೂ ಆಯಿತು, ಶಿಕ್ಷೆ ಶುರುವಾಯಿತೆಂದು.

ಆದರೆ ಒಂದು ವಾರವೂ ಆಗಲಿಲ್ಲ. ರೇಖಾ ಅವಳನ್ನು ವಾಪಸು ತಂದಳು. ತಿಪ್ಪಮ್ಮ ಅಲ್ಲಿ ಗುಳಿಗೆ ನುಂಗುತ್ತಿರಲಿಲ್ಲವಂತೆ. ಮಗಳು ಕೊಟ್ಟರೂ ಬಾಯಿ ಬಿಗಿಹಿಡಿಯುತ್ತಿದ್ದಳಂತೆ — ಆಗಲೇ ಕೊಟ್ಟಿದ್ದೀಯೇನೋ, ಎರಡಾದೀತು, ನಿಮ್ಮಪ್ಪನನ್ನು ಕೇಳು, ಅವರು ಕೊಟ್ಟರೆ ನನಗೆ ಧೈರ್ಯ ಎಂದು. ಅಳಿಯ ಹೇಳಿದರೂ ಇಲ್ಲ, ಅಲ್ಲಿನ ಡಾಕ್ಟರು ಹೇಳಿದರೂ ಇಲ್ಲ. ಬಿಪಿ ಮತ್ತೆ ಏರಿತ್ತು.

ಅಮ್ಮನನ್ನು ಮಂಚದ ಮೇಲೆ ಕೂರಿಸಿ ರೇಖಾ ಬಾಗಿಲ ತನಕ ಬಂದಳು. ಹುಟ್ಟಿದಾಗಿನಿಂದ ನನ್ನನ್ನು ನೀನು ಎಂದೇ ಕರೆದ ಮಗಳು.

“ನಿಮ್ಮನ್ನ ಕ್ಷಮಿಸಿ ಬಿಟ್ಟು ಹೋಗ್ತಿಲ್ಲ. ಅವಳು ಗುಳಿಗೆ ನುಂಗ್ಲಿ ಅಂತ ಬಿಟ್ಟು ಹೋಗ್ತಿದೀನಿ.”

ಹನುಮಕ್ಕನಿಗೂ ಹೇಳಿದ್ದೇನೆ. ಚಂದ್ರವಳ್ಳಿಯವರಿಗೂ ಹೇಳಿದೆ, ಅವರಲ್ಲಿ ಕೆಲವರು ಈಗ ನನ್ನನ್ನು ಕಂಡರೆ ಬೇರೆ ದಾರಿ ಹಿಡಿಯುತ್ತಾರೆ. ಹೊಳಲ್ಕೆರೆಯಲ್ಲಿ ಅಂದು ನಕ್ಕ ಸಾಲಿಗೆಲ್ಲ ಹೇಳಲಾಗುವುದಿಲ್ಲ, ಅದಕ್ಕೇ ಬರೆದೆ. ಅವಳನ್ನು ಬಲ್ಲವರು ಯಾರಾದರೂ ಓದಿದರೆ, ಮುಂದೆ ನೋಡಲು ಬಂದಾಗ ದಯವಿಟ್ಟು ಅವಳಿಗೆ ಬುದ್ಧಿ ಹೇಳಬೇಡಿ.

ದಿನಾ ಬೆಳಿಗ್ಗೆ ತಿಂಡಿಯಾದ ಮೇಲೆ ಎರಡು ತರದ ಗುಳಿಗೆ ಅಂಗೈಯಲ್ಲಿಟ್ಟುಕೊಂಡು ಅವಳೆದುರು ಕೂರುತ್ತೇನೆ. ಕೊಡುವ ಮುಂಚೆ ಹೇಳುತ್ತೇನೆ — ನೀನು ಮರೆತಿರಲಿಲ್ಲ ತಿಪ್ಪಮ್ಮ, ನಾನು ಕದ್ದಿದ್ದೆ. ದಿನಾ ಹೇಳುತ್ತೇನೆ. ನಾಳೆಯೂ ಹೇಳುತ್ತೇನೆ. ಅವಳು ಸಣ್ಣ ಮಕ್ಕಳ ಮಾತು ಕೇಳುವ ಹಾಗೆ ಕೇಳುತ್ತಾಳೆ.

“ಆಯ್ತು ಬಿಡ್ರಿ,” ಎನ್ನುತ್ತಾಳೆ. “ಕೊಡ್ರಿ.”

ಬಾಯಿ ತೆರೆಯುತ್ತಾಳೆ.